ತಲಪಾಡಿ ದಾಟದ ವಾರಂಟ್

ಜೀವನಾಂಶದ ತೀರ್ಪು ನಿನ್ನ ಪರವಾಗಿ ಬಂದ ಮೇಲೂ ಕೋರ್ಟಿಗೆ ಏಕೆ ಅಲೆಯುತ್ತೀ, ಅಷ್ಟಕ್ಕೂ ಕನ್ನಡದವಳಾಗಿ ಕೇರಳದಲ್ಲಿ ಕೇಸು ಹಾಕಿದ್ದೇಕೆ ಎಂದು ಕೇಳಿದ್ದೀಯ. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಅದು ಸುಲಭ.

ನಾನು ಮಂಜೇಶ್ವರದ ಕಡೆಯವಳು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮ ಅಜ್ಜ ತಮ್ಮ ಅಡಿಕೆ ತೋಟ ಬಿಟ್ಟು ಕದಲದೆಯೇ ಕೇರಳದವರಾದರು. ರಾಷ್ಟ್ರಕವಿ ಗೋವಿಂದ ಪೈಗಳ ಊರಿನವಳಿಗೆ ‘ನಿನ್ನ ಕನ್ನಡ ಪರವಾಗಿಲ್ಲ’ ಎಂದು ಬೆಂಗಳೂರಿನವರು ಶಹಬ್ಬಾಸ್‌ಗಿರಿ ಕೊಟ್ಟರೆ ಈಗೀಗ ನಕ್ಕು ಸುಮ್ಮನಾಗುತ್ತೇನೆ. ನಮ್ಮಲ್ಲಿ ಸಂಬಂಧ ಬೆಳೆಸುವಾಗ ಯಾರೂ ಕರ್ನಾಟಕ–ಕೇರಳದ ನಡುವಿನ ತಲಪಾಡಿಯ ಗಡಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಂಬಳೆಯ ಹುಡುಗಿ ಬಂಟ್ವಾಳಕ್ಕೆ, ಉಳ್ಳಾಲದವಳು ಉಪ್ಪಳಕ್ಕೆ ಸೊಸೆಯಾಗಿ ಹೋಗುವುದು ಸುದ್ದಿಯೇ ಅಲ್ಲ. ಮದುವೆ ಮುರಿದರೆ ಹೆಣ್ಣು ತವರಿಗೆ ಬರುತ್ತಾಳೆ. ಹೆಂಡತಿ ವಾಸವಿರುವ ಜಿಲ್ಲೆಯಲ್ಲೇ ಜೀವನಾಂಶದ ಅರ್ಜಿ ಹಾಕಬಹುದೆಂದು ಕಾನೂನು ಹೇಳುತ್ತದೆ. ವಿಚ್ಛೇದನವಾಗಿ ಮರುಮದುವೆಯಾಗದವಳೂ ಅದರ ಲೆಕ್ಕದಲ್ಲಿ ಹೆಂಡತಿಯೇ. ನನ್ನ ತವರು ಇಲ್ಲಿದೆ, ಹಾಗಾಗಿ ಇಲ್ಲಿನ ನ್ಯಾಯಾಲಯ.

ಸಮಾಲೋಚನೆ, ಸಾಕ್ಷಿ, ವಾಯಿದೆ ಎಲ್ಲ ನಿಮ್ಮೂರಿನಲ್ಲಿ ಇದ್ದ ಹಾಗೆಯೇ, ಬಿಡು. ಕೊನೆಗೆ ನನಗೂ ಮಗಳಿಗೂ ಸೇರಿ ತಿಂಗಳಿಗೆ 9,000 ರೂಪಾಯಿ ಎಂದು ಆದೇಶವಾಯಿತು. ಕೆಲವು ತಿಂಗಳು ಹಣ ಬಂತು, ಆಮೇಲೆ ನಿಂತಿತು. ನಿನಗೆ ಮುಗಿದಂತೆ ಕಂಡ ಕಥೆ ನಿಜವಾಗಿ ಶುರುವಾದದ್ದು ಅಲ್ಲಿಂದ.

ಆದೇಶವಾದ ಮಾತ್ರಕ್ಕೆ ಹಣ ತಾನಾಗಿ ಬರುವುದಿಲ್ಲ ಮಾರಾಯ್ತಿ. ಬಾಕಿ ವಸೂಲಿಗೆ ಮತ್ತೆ ಅರ್ಜಿ ಹಾಕಬೇಕು. ನ್ಯಾಯಾಲಯ ವಾರಂಟ್ ಹೊರಡಿಸುತ್ತದೆ. ಆಗಲೂ ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆಗೆ ಕಳುಹಿಸಬಹುದು. ಸೆರೆ ಅನುಭವಿಸಿದರೆ ಬಾಕಿ ತೀರಿದಂತಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಹಣ ಕೊಡಬೇಕಾದ ಆ ಮನುಷ್ಯ, ನನ್ನ ಮಗಳ ಅಪ್ಪ, ಇರುವುದು ಗಡಿಯ ಆಚೆ, ಕರ್ನಾಟಕದಲ್ಲಿ. ವಾರಂಟ್ ಇಲ್ಲಿಂದ ಹೊರಟು ಆಚೆಯ ಪೊಲೀಸ್ ಠಾಣೆಗೆ ಹೋಗಬೇಕು. ನಮ್ಮ ಮೀನು, ಮಲ್ಲಿಗೆ, ಕಾಲೇಜು ಮಕ್ಕಳು, ದೇರಳಕಟ್ಟೆಯ ಆಸ್ಪತ್ರೆಗಳಿಗೆ ಹೋಗುವ ರೋಗಿಗಳು ಎಲ್ಲರೂ ದಿನಾ ಬೆಳಗಾದರೆ ದಾಟುವ ಆ ಗಡಿಯನ್ನು ಒಂದು ಹಾಳೆ ಕಾಗದಕ್ಕೆ ದಾಟಲಾಗುವುದಿಲ್ಲ. ದಾಟಿದರೂ ಷರಾ ಬರೆಸಿಕೊಂಡು ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

ಒಮ್ಮೆ ಹಾಗೆ ಬಂದ ವರದಿ ಕನ್ನಡದಲ್ಲಿತ್ತು. ಅಂದು ಮೇಜಿನ ಆಚೆ ಕುಳಿತಿದ್ದ ಸಿಬ್ಬಂದಿ ಕೇರಳದ ತೆಂಕಣ ಜಿಲ್ಲೆಯವರು, ಕನ್ನಡ ಓದಲು ಬಾರದು. ಹಾಳೆಯನ್ನು ನನ್ನ ಕಡೆಗೇ ತಿರುಗಿಸಿದರು. ‘ಸದರಿ ವಿಳಾಸದಲ್ಲಿ ವಿಚಾರಿಸಲಾಗಿ ಆಸಾಮಿಯು ಪತ್ತೆಯಾಗಿರುವುದಿಲ್ಲ’ ಎಂದು ನಾನೇ ಓದಿ, ನಾನೇ ಮಲಯಾಳದಲ್ಲಿ ವಿವರಿಸಿದೆ. ಪತ್ತೆಯಾಗದ ಆಸಾಮಿ ಅದೇ ವಾರ ಗಡಿಯಾಚೆಯ ತೊಕ್ಕೊಟ್ಟಿನಲ್ಲಿ ಬಂಗುಡೆ ಮೀನಿಗೆ ಚೌಕಾಸಿ ಮಾಡುತ್ತಿದ್ದುದನ್ನು ನನ್ನ ಚಿಕ್ಕಮ್ಮ ನೋಡಿದ್ದರು. ಚಿಕ್ಕಮ್ಮನ ಮಾತನ್ನು ಯಾವ ಕಡತಕ್ಕೆ ಸೇರಿಸಲಿ?

ಸಂಬಳ ಜಪ್ತಿ ಮಾಡಿಸು ಎನ್ನುತ್ತೀಯ. ಜೀವನಾಂಶದ ಡಿಕ್ರಿಯಾದರೆ ಸಂಬಳದ ಮೂರನೆಯ ಒಂದು ಭಾಗ ಬಿಟ್ಟು ಉಳಿದದ್ದಕ್ಕೆ ಕೈ ಹಾಕಬಹುದು, ನಿಜ. ಆದರೆ ಸಂಬಳ ಇರಬೇಕಲ್ಲ! ಆದೇಶವಾದ ಮೇಲೆ ಅವನು ಕೆಲಸ ಬಿಟ್ಟ. ಈಗ ಕುಳಿತುಕೊಳ್ಳುವ ಅಂಗಡಿ ಅಣ್ಣನ ಹೆಸರಿನಲ್ಲಿದೆ. ಇಬ್ಬರೂ ಆಸ್ತಿ ಆದಾಯದ ಪ್ರಮಾಣಪತ್ರ ಕೊಡಬೇಕೆಂದು 2020ರ ರಜನೀಶ್–ನೇಹಾ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಹೇಳಿತು. ಅವನೂ ಕೊಟ್ಟಿದ್ದಾನೆ. ಅದನ್ನು ಓದಿದರೆ ಅವನಿಗೆ ನಾನೇ ತಿಂಗಳಿಗಿಷ್ಟು ಕಳುಹಿಸಬೇಕೆನಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಕಿರಿಕಿರಿ ಒಂದು ವರ್ಷದ ಗಡುವು. ಬಾಕಿಯಾದ ದಿನದಿಂದ ವರ್ಷದೊಳಗೆ ಅರ್ಜಿ ಬೀಳದಿದ್ದರೆ ಆ ತಿಂಗಳ ಹಣಕ್ಕೆ ಈ ವಾರಂಟಿನ ದಾರಿ ಮುಚ್ಚಿತು. ಹಳೆಯ ಅರ್ಜಿ ಇತ್ಯರ್ಥವಾಗುವ ಮೊದಲೇ ಹೊಸ ಬಾಕಿಗೆ ಹೊಸ ಅರ್ಜಿ, ಹೊಸ ವಾಯಿದೆ. 2024ರ ಜುಲೈಯಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಹೊಸ ಸಂಹಿತೆ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದು ಜೀವನಾಂಶದ 125ನೇ ಕಲಮು 144 ಆಯಿತು. ವಕೀಲರು ಈಗಲೂ 125 ಎಂದೇ ಹೇಳುತ್ತಾರೆ, ಗಡುವು ಮಾತ್ರ ಹಾಗೆಯೇ ಇದೆ. ಕ್ಯಾಲೆಂಡರಿನಲ್ಲಿ ನಾನು ಗುರುತು ಹಾಕುವುದು ಹಬ್ಬಗಳಿಗಲ್ಲ, ಅರ್ಜಿಗಳಿಗೆ.

ಮಂಗಳೂರಿಗೇ ಬಂದು ನೆಲೆಸು, ಎಲ್ಲ ಸುಲಭವಾಗುತ್ತದೆ ಎಂದೂ ಬರೆದಿದ್ದೀಯ. ಬಾಕಿ ಉಳಿಸಿಕೊಂಡವನು ಹಾಯಾಗಿ ಕುಳಿತಿರುವಾಗ ಊರು ಬಿಡಬೇಕಾದವಳು ನಾನೇ? 2020ರ ಮಾರ್ಚ್‌ನಲ್ಲಿ ಕೋವಿಡ್ ಎಂದು ಕರ್ನಾಟಕ ಇದೇ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ರೋಗಿಗಳ ಆಂಬುಲೆನ್ಸುಗಳೂ ಈಚೆಗೇ ನಿಂತವು. ಅಂದು ನಾವು ಯಾರಿಗೂ ಕನ್ನಡದವರಾಗಿ ಕಾಣಲಿಲ್ಲ. ಇಲ್ಲಿನ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟರೆ ಕೆಲವರು ಹುಬ್ಬೇರಿಸುತ್ತಾರೆ, ನಾನೂ ಬಿಡದೆ ಕೊಡುತ್ತೇನೆ. ಮಗಳು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾಳೆ, ಮಲಯಾಳದಲ್ಲಿ ಜಗಳವಾಡುತ್ತಾಳೆ, ಅಜ್ಜಿಯೊಂದಿಗೆ ತುಳು. ಅವಳನ್ನು ಕಿತ್ತು ಎಲ್ಲಿ ನೆಡಲಿ?

ಆದರೆ ನಿನ್ನ ಮಾತಿನಲ್ಲಿ ಒಂದು ಹುರುಳಿದೆ. ಇಲ್ಲಿನ ಆದೇಶವನ್ನು ಆ ಮನುಷ್ಯ ಇರುವ ಕಡೆಯ ನ್ಯಾಯಾಲಯವೇ ಜಾರಿ ಮಾಡಬಹುದು, ಹೊಸ ಸಂಹಿತೆಯ 147ನೇ ಕಲಮಿನಲ್ಲಿ ಅದಕ್ಕೆ ಅವಕಾಶವಿದೆ. ಇನ್ನೊಬ್ಬ ವಕೀಲರು, ಇನ್ನೊಂದು ಶುಲ್ಕ ಎಂದು ಇಷ್ಟು ದಿನ ಹಿಂಜರಿಯುತ್ತಿದ್ದೆ. ಈ ಸಲದ ಅರ್ಜಿಯನ್ನು ಮಂಗಳೂರಿನಲ್ಲೇ ಹಾಕಿ ನೋಡುತ್ತೇನೆ. ಆ ಕಡೆ ನಿನಗೆ ಗೊತ್ತಿರುವ ವಕೀಲರಿದ್ದರೆ ನಂಬರು ಕಳುಹಿಸು. ಮಲಯಾಳ ಬರಬೇಕೆಂದೇನಿಲ್ಲ, ಆದೇಶ ಇಂಗ್ಲಿಷಿನಲ್ಲಿದೆ. ವಾಯಿದೆಯ ದಿನ ಬರುವವರಾದರೆ ಸಾಕು.