ಹಾಯಿದೋಣಿಯಲ್ಲಿ ಮೂರು ವಾರ: ಊಟ, ನಿದ್ದೆ ಹೇಗೆ?

ಸ್ನೇಹಿತರ ಸಣ್ಣ ಹಾಯಿದೋಣಿಯಲ್ಲಿ ಆಫ್ರಿಕಾ ಪಕ್ಕದ ಕ್ಯಾನರಿ ದ್ವೀಪಗಳಿಂದ ಅಟ್ಲಾಂಟಿಕ್ ದಾಟಿ ಕೆರಿಬಿಯನ್‌ಗೆ ಹೋಗ್ತೀರಿ, ಊಟ ನಿದ್ದೆಯ ಕಥೆ ಏನು ಅಂತ ಉಡುಪಿಯಿಂದ ಕೇಳಿದ್ದೀರಿ. ಸುಮಾರು 5,000 ಕಿ.ಮೀ. ದಾರಿ, ಮೂರು ವಾರ ಹಿಡಿಯುತ್ತದೆ.

ಮೂರು ಜನ ಇದ್ದರೆ ಮೂರು ಗಂಟೆ ಕಾವಲು, ಆರು ಗಂಟೆ ಬಿಡುವು. ರಾತ್ರಿಯೂ ಹಾಗೇ. ಚುಕ್ಕಾಣಿಯನ್ನು ಹೆಚ್ಚಾಗಿ ಆಟೋಪೈಲಟ್ ನೋಡಿಕೊಳ್ಳುತ್ತದೆ, ನಿಮ್ಮ ಕೆಲಸ ಹಡಗುಗಳ ದೀಪ ನೋಡೋದು. ದೂರದಲ್ಲಿ ಕಂಡ ಹಡಗು ಕಾಲು ಗಂಟೆಯಲ್ಲಿ ಹತ್ತಿರ ಬಂದುಬಿಡಬಹುದು, ಹಾಗಾಗಿ ಫೋನ್ ಹಿಡಿದು ಕೂರಬೇಡಿ. ಕತ್ತಲಲ್ಲಿ ಹೊರಗೆ ಬಂದರೆ ಹಾರ್ನೆಸ್ (ಮೈಗೆ ಕಟ್ಟುವ ಸುರಕ್ಷಾ ಪಟ್ಟಿ) ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಲೇಬೇಕು.

ಅಡುಗೆಯೇ ನಿಜವಾದ ಸರ್ಕಸ್. ದೋಣಿ ವಾಲಿದಂತೆ ಒಲೆ ತೂಗಾಡಿ ಮಟ್ಟವಾಗಿ ನಿಲ್ಲುತ್ತದೆ, ಆದರೂ ಪಾತ್ರೆ ಹಾರುತ್ತದೆ. ಕುಕ್ಕರ್ ಒಯ್ಯಿರಿ. ಮುಚ್ಚಳ ಬಿಗಿ, ಗ್ಯಾಸೂ ಉಳಿಯುತ್ತದೆ. ನಮ್ಮ ಕುಚ್ಚಲಕ್ಕಿ ಮಾತ್ರ ಬೇಡ ಮಾರಾಯ್ರೆ, ಅದು ಬೇಯೋದು ಯಾವಾಗ! ಬೆಳ್ತಿಗೆ ಅಕ್ಕಿ, ಅವಲಕ್ಕಿ, ಉಪ್ಪಿನಕಾಯಿ ಇರಲಿ. ಅನ್ನಕ್ಕೆ ಮೂರು ಪಾಲು ಸಿಹಿನೀರು, ಒಂದು ಪಾಲು ಸಮುದ್ರದ ನೀರು ಹಾಕಿ, ಬೇರೆ ಉಪ್ಪು ಬೇಡ. ಪಾತ್ರೆ, ಸ್ನಾನ ಎಲ್ಲ ಉಪ್ಪುನೀರಲ್ಲೇ. ಕೊನೆಗೆ ಒಂದು ಚೊಂಬು ಸಿಹಿನೀರು ಸಿಕ್ಕಿದರೆ ಪುಣ್ಯ. ಬೆಳಗ್ಗೆ ಡೆಕ್ ಮೇಲೆ ಹಾರುಮೀನು ಬಿದ್ದಿರುತ್ತದೆ, ಮಸಾಲೆ ಪುಡಿ ಮರೀಬೇಡಿ.

ಮೊದಲ ಎರಡು ಮೂರು ದಿನ ವಾಂತಿ ಬರಬಹುದು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟಲ್ಲಿ ಹೋಗಿ ಏನೂ ಆಗಿಲ್ಲ ಅಂತ ಧೈರ್ಯ ಮಾಡಬೇಡಿ. ಡಾಕ್ಟರನ್ನು ಕೇಳಿ, ಮಾತ್ರೆಯನ್ನು ಹೊರಡುವ ಮೊದಲೇ ತಗೊಳ್ಳಿ.

ಅಂದ ಹಾಗೆ, ಒಟ್ಟು ಎಷ್ಟು ಜನ? ಇಬ್ಬರೇ ಆದರೆ ಕಾವಲಿನ ಲೆಕ್ಕ ಬೇರೆ, ನಿದ್ದೆ ತುಂಬಾ ಕಡಿಮೆ.