ಮೆಣಸಿನ ಬಳ್ಳಿಗೆ ಹೂವೆಲ್ಲಿ?

ಪ್ರಶ್ನೆ: ಮಾರ್ಚ್‌ನ ಹೂಮಳೆ ಬಿದ್ದರೆ ನಮ್ಮ ಕಾಫಿ ತೋಟವೆಲ್ಲ ಬೆಳ್ಳಗಾಗುತ್ತದೆ. ಅಲ್ಲೇ ಸಿಲ್ವರ್ ಓಕ್‌ಗೆ ಹಬ್ಬಿಸಿದ ಕಾಳುಮೆಣಸಿನಲ್ಲಿ ಮಾತ್ರ ಹೂವನ್ನೇ ಕಂಡಿಲ್ಲ. ಇದೂ ಹೂಬಿಡುವ ಸಸ್ಯವೇ? ಏಕದಳವೋ ದ್ವಿದಳವೋ ಎಂದು ಪಿಯುಸಿ ಓದುವ ಮಗಳು ಕೇಳುತ್ತಿದ್ದಾಳೆ.
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಮುಂಗಾರು ಹಿಡಿದ ಮೇಲೆ ಎಲೆಯ ಎದುರು ಬದಿಯಿಂದ ಇಳಿಬೀಳುವ ಗೆರೆಯೇ ಮೆಣಸಿನ ಹೂಗೊಂಚಲು. ಅದರ ತುಂಬ ಪುಟ್ಟ ಹೂಗಳಿವೆ. ಎಸಳಿಲ್ಲ, ಪುಷ್ಪಪತ್ರವಿಲ್ಲ, ಇರುವುದು ಒಂದು ಅಂಡಾಶಯ, ಪಕ್ಕದಲ್ಲಿ ಎರಡು ಕೇಸರ. ಜೇನನ್ನು ಕರೆಯುವ ಬಣ್ಣ, ಪರಿಮಳದ ಆಡಂಬರವೂ ಇಲ್ಲ. ಪರಾಗವನ್ನು ಗೆರೆಯುದ್ದಕ್ಕೂ ಕೆಳಗಿಳಿಸುವುದರಲ್ಲಿ ಮಳೆಹನಿಗೂ ಪಾಲಿದೆ.

ಹೂಬಿಡುವ ಸಸ್ಯಕ್ಕೆ ಎಸಳು ಕಡ್ಡಾಯವಲ್ಲ. ಬೀಜ ಅಂಡಾಶಯದೊಳಗೆ ಬೆಳೆಯಬೇಕು, ಆ ಅಂಡಾಶಯ ಹಣ್ಣಾಗಬೇಕು. ಪೈನ್ ಮರದ ಬೀಜಕ್ಕೆ ಈ ಹೊದಿಕೆಯಿಲ್ಲ. ಮಳೆಗಾಲದಲ್ಲಿ ನೀವು ಪಲ್ಯ ಮಾಡುವ ತೆರ್ಮೆ ತೊಪ್ಪು ಜರಿಗಿಡ. ಅದಕ್ಕೆ ಬೀಜವೇ ಇಲ್ಲ, ಎಲೆಯಡಿಯ ಬೀಜಕಗಳಿಂದಲೇ ವಂಶ ಮುಂದುವರಿಯುತ್ತದೆ. ಇನ್ನೊಂದು ಗುರುತು ದ್ವಿನಿಷೇಚನ: ಒಂದು ಗಂಡು ಕೋಶ ಅಂಡದೊಡನೆ ಸೇರಿ ಭ್ರೂಣವಾಗುತ್ತದೆ, ಮತ್ತೊಂದರಿಂದ ಭ್ರೂಣಾಹಾರ ಹುಟ್ಟುತ್ತದೆ. ನಾವು ಹುರಿದು ಪುಡಿ ಮಾಡುವ ಕಾಫಿ ಬೀಜದ ಬಹುಭಾಗ ಈ ಭ್ರೂಣಾಹಾರವೇ.

ಮಗಳ ಪ್ರಶ್ನೆ ನಿಮ್ಮದಕ್ಕಿಂತ ಗಟ್ಟಿ. ಬೀಜದಳ ಒಂದೇ ಇರುವ ಏಲಕ್ಕಿ, ಅಡಿಕೆ ಏಕದಳ. ಎರಡಿರುವ ಕಾಫಿ, ಕಿತ್ತಳೆ ದ್ವಿದಳ. ಇಲ್ಲಿ ತಕರಾರಿಲ್ಲ. ಮೆಣಸಿನ ಮೊಳಕೆಯಲ್ಲಿ ಬೀಜದಳಗಳೇನೋ ಎರಡು, ಎಲೆಯ ನರಗಳೂ ಬಲೆಯಂತೆ. ಆದರೆ ಕಾಂಡವನ್ನು ಅಡ್ಡ ಕೊಯ್ದರೆ ನೀರು, ಆಹಾರ ಸಾಗಿಸುವ ನಾಳಕೂರ್ಚಗಳು ದ್ವಿದಳಗಳಂತೆ ಹೊರಸುತ್ತಿನಲ್ಲಷ್ಟೇ ಇಲ್ಲ, ಒಳಗೂ ಇವೆ. ನಿಜವಾದ ದ್ವಿದಳಗಳ ಪರಾಗಕಣದಲ್ಲಿ ಸಾಮಾನ್ಯವಾಗಿ ಮೂರು ರಂಧ್ರಗಳಿದ್ದರೆ ಇದರದ್ದರಲ್ಲಿ ಏಕದಳಗಳಂತೆ ಒಂದೇ. ಬ್ರಿಟಿಷ್ ಸಸ್ಯವಿಜ್ಞಾನಿಗಳಾದ ಬೆಂಥಮ್ ಮತ್ತು ಹೂಕರ್ 19ನೇ ಶತಮಾನದಲ್ಲಿ ಇದನ್ನು ದ್ವಿದಳಗಳಲ್ಲೇ ಇಟ್ಟಿದ್ದರು. ಡಿಎನ್‌ಎ ಆಧರಿಸಿ 1998ರಲ್ಲಿ ಬಂದ, ಸಸ್ಯವಿಜ್ಞಾನಿಗಳ ತಂಡವೊಂದರ ಎಪಿಜಿ ವರ್ಗೀಕರಣ ಆ ಎರಡು ಪೆಟ್ಟಿಗೆಗಳ ಲೆಕ್ಕವನ್ನು ಒಪ್ಪಲಿಲ್ಲ. ಅದರಲ್ಲಿ ಮೆಣಸು ಎರಡೂ ಗುಂಪಿಗೆ ಸೇರದ ಮ್ಯಾಗ್ನೋಲಿಡ್‌ಗಳ ಸಾಲಿನಲ್ಲಿದೆ. ಸಂಪಿಗೆ, ದಾಲ್ಚಿನ್ನಿ, ನಿಮ್ಮ ತೋಟದಂಚಿನ ಬೆಣ್ಣೆಹಣ್ಣು ಅದರ ನೆಂಟರು.

ಪರೀಕ್ಷೆಯಲ್ಲಿ ಕೇಳಿದರೆ ಮಗಳು ದ್ವಿದಳ ಎಂದೇ ಬರೆಯಲಿ. ಅಂಕ ಕೊಡುವವರೊಡನೆ ವಾದ ಬೇಡ. ಮುಂದಿನ ಮುಂಗಾರಿನಲ್ಲಿ ಎಳೆಯ ಗೆರೆಯೊಂದನ್ನು ಕಿತ್ತು ಭೂತಗನ್ನಡಿಯಲ್ಲಿ ನೋಡಲಿ. ಪರಾಗ ಹಿಡಿಯುವ ಬಿಳಿಯ ಶಲಾಕಾಗ್ರಗಳು ಮೊದಲು ಹೊರಬರುತ್ತವೆ, ಕೇಸರಗಳು ಆಮೇಲೆ.