ಹಕ್ಕಿ ಬಡಿದ ಫ್ಯಾನ್ ಬ್ಲೇಡ್: ಲೆಕ್ಕ ಇಡಬೇಕಾದ್ದು ಯಾವುದನ್ನು?

ಪ್ರಶ್ನೆ: ಒಂದೇ ವಿಮಾನ ಎಂಜಿನ್‌ಗೆ ಮೇಲಿಂದ ಮೇಲೆ ಹಕ್ಕಿ ಬಡಿದು, ಪ್ರತಿ ಸಲವೂ ತಪಾಸಣೆಯಲ್ಲಿ ಪಾಸಾದರೆ, ಅದರ ಮುಂಭಾಗದ ದೊಡ್ಡ ಫ್ಯಾನ್‌ನ ಬ್ಲೇಡ್‌ಗಳು (ಅಲಗುಗಳು) ಒಳಗೊಳಗೇ ಸೊರಗುತ್ತವೆಯೇ?

ಉತ್ತರ: ಟೈಟಾನಿಯಂ ಬ್ಲೇಡ್ ಬಾಗಿ ಮತ್ತೆ ಮೊದಲಿನಂತಾಗಿ, ಗುರುತೇ ಉಳಿಯದಿದ್ದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಗುರುತು ಉಳಿದರೆ ಮಾತು ಬೇರೆ. ಟೇಕಾಫ್ ಹೊತ್ತಿಗೆ ಬ್ಲೇಡ್‌ನ ತುದಿ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿರುತ್ತದೆ; ಆ ವೇಗಕ್ಕೆ ಹಕ್ಕಿಯ ಮೈ ದ್ರವದಂತೆ ಹರಡಿಕೊಂಡು ಅಪ್ಪಳಿಸುತ್ತದೆ. ಹಾಗಾಗಿ ಮುಂದಿನ ಅಂಚು ಅಲೆಅಲೆಯಾಗಿ ನೆಗ್ಗಿರುವುದು, ತುದಿಯ ಮೂಲೆ ಮಡಚಿಕೊಂಡಿರುವುದು ಹೆಚ್ಚು. ಅಂಚು ಹರಿದಿದ್ದರೆ ಅಪಾಯ ಜಾಸ್ತಿ: ಬ್ಲೇಡ್ ಪ್ರತಿ ಸೆಕೆಂಡಿಗೆ ನೂರಾರು ಬಾರಿ ಕಂಪಿಸುವಾಗ ಒತ್ತಡವೆಲ್ಲ ಆ ಕಚ್ಚಿನ ಬುಡದಲ್ಲಿ ಸೇರಿ, ಅಲ್ಲಿಂದಲೇ ಬಿರುಕು ಹೊರಡುತ್ತದೆ.

ಸಣ್ಣ ಕಚ್ಚನ್ನು ಅರದಿಂದ ಉಜ್ಜಿ ನುಣುಪಾದ ಬಾಗಿಗೆ ತರುವುದೇ ಬ್ಲೆಂಡಿಂಗ್. ಕೊನೆಯ ಪಾಲಿಶ್ ಬ್ಲೇಡ್‌ನ ಉದ್ದಕ್ಕೇ ಸಾಗಬೇಕು. ಅಡ್ಡಗೀರು ಉಳಿದರೆ ಅದೇ ಹೊಸ ಕಚ್ಚು. ಆಮೇಲೆ ಹೊಳೆಯುವ ಬಣ್ಣದ ದ್ರವ ಹಚ್ಚಿ ಬಿರುಕು ಹುಡುಕುತ್ತಾರೆ. ಎಷ್ಟು ಉಜ್ಜಬಹುದೆಂಬ ಮಿತಿ ಆಯಾ ಎಂಜಿನ್‌ನ ಮ್ಯಾನುಯಲ್‌ನಲ್ಲಿದೆ, ಬುಡದತ್ತ ಹೋದಂತೆ ಅದು ಬಿಗಿಯಾಗುತ್ತದೆ. ಉಜ್ಜಿದ ಲೋಹ ಮರಳಿ ಬರುವುದಿಲ್ಲ. ಆದ್ದರಿಂದ ಎಷ್ಟು ಹಕ್ಕಿ ಬಡಿದವು ಎಂಬುದಕ್ಕಿಂತ, ಯಾವ ಬ್ಲೇಡ್‌ನ ಯಾವ ಜಾಗದಲ್ಲಿ ಈವರೆಗೆ ಎಷ್ಟು ಲೋಹ ಹೋಗಿದೆ ಎಂಬ ದಾಖಲೆ ಮುಖ್ಯ. ಇದನ್ನು ಬರೆಯದೆ ಬಿಟ್ಟರೆ ಮುಂದಿನ ತಪಾಸಣೆ ಕುರುಡು ತಪಾಸಣೆ.

ಮಿತಿ ಮೀರಿದ ಬ್ಲೇಡ್ ಬದಲಿಸುವಾಗ ತೂಕ ಹೊಂದಿಸಲು ಎದುರುಬದಿಯದನ್ನೂ ಜೋಡಿಯಾಗಿ ಬದಲಿಸುವುದು ರೂಢಿ.

ಕಾರ್ಬನ್ ನಾರಿನ ಕಾಂಪೋಸಿಟ್ ಬ್ಲೇಡ್‌ಗೆ ‘ಗುರುತಿಲ್ಲ, ನಷ್ಟವಿಲ್ಲ’ ಎಂಬ ಮಾತು ಒಪ್ಪುವುದಿಲ್ಲ. ಮೇಲ್ಮೈ ಚೊಕ್ಕವಾಗಿದ್ದರೂ ಒಳಪದರಗಳು ಬಿಟ್ಟುಕೊಂಡಿರಬಹುದು, ಅಂಚಿನ ಲೋಹದ ಕವಚದ ಅಂಟು ಕಳಚಿರಬಹುದು. ಮೆಲ್ಲಗೆ ತಟ್ಟಿದಾಗ ಟಣ್ ಎನ್ನಬೇಕಾದ ಕಡೆ ಮಂದವಾದ ಸದ್ದು ಬಂದರೆ ಅನುಮಾನಿಸಿ, ಅಲ್ಟ್ರಾಸೌಂಡ್ ಮಾಡಬೇಕು.

ಪ್ರಶ್ನೆ: ಬ್ಲೇಡ್‌ಗಳು ಸರಿಯಿದ್ದರೆ ವಿಮಾನ ಹೊರಡಬಹುದೇ?

ಉತ್ತರ: ಅಷ್ಟೇ ನೋಡಿ ಬಿಡಬೇಡಿ. ಫ್ಯಾನ್‌ನ ಹಿಂದೆ, ಗಾಳಿಯನ್ನು ಒತ್ತಿ ಇಂಧನ ಉರಿಸುವ ಒಳಭಾಗವಾದ ಕೋರ್‌ನ ಬಾಯಲ್ಲಿ ಪುಕ್ಕವೋ ರಕ್ತದ ಕಲೆಯೋ ಇದ್ದರೆ, ಕ್ಯಾಬಿನ್‌ನಲ್ಲಿ ಸುಟ್ಟ ವಾಸನೆ ಬಂದಿದ್ದರೆ, ಬೋರೋಸ್ಕೋಪ್ (ಸಣ್ಣ ರಂಧ್ರದಿಂದ ಒಳಗೆ ನೋಡುವ ಕೊಳವೆ) ಇಳಿಸಿ, ಗಾಳಿಯನ್ನು ಒತ್ತುವ ಕಂಪ್ರೆಸರ್ ನೋಡಲೇಬೇಕು. 2009ರ ಜನವರಿ 15ರಂದು ಹಡ್ಸನ್ ನದಿಗಿಳಿದ ಏರ್‌ಬಸ್ ಎ320ಯ ಎರಡೂ ಎಂಜಿನ್‌ಗಳು ಸೋತದ್ದು ಹೆಬ್ಬಾತುಗಳು ಕೋರ್‌ಗೆ ಹೊಕ್ಕಿದ್ದರಿಂದ.